ಫೋಟೊ ಆಮೇಲೆ, ಮೊದಲು ಮರಿಯ ಪರಿಚಯ

ದಾವಣಗೆರೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಕಾಲೇಜು ಹುಡುಗ ಹುಡುಗಿಯರಿದ್ದರು, ಬೀದಿಯಲ್ಲಿ ಸಿಕ್ಕ ನಾಯಿಮರಿಗಳನ್ನು ದತ್ತು ಹೋಗುವವರೆಗೆ ಕೆಲವು ವಾರ ಮನೆಯಲ್ಲಿ ಇಟ್ಟುಕೊಳ್ಳೋಣ ಅಂತ ಯೋಚಿಸುತ್ತಿದ್ದವರೂ ಇದ್ದರು. ಮಾತು ಬಂದ ಹಾಗೇ ಬರೆದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ದತ್ತು ಹೋಗಬೇಕಾದ ನಾಯಿಮರಿಗಳ ಫೋಟೊ ತೆಗೆಯುವುದು ಹೇಗೆ ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ಹೇಳುತ್ತೇನೆ. ಅದಕ್ಕೂ ಮೊದಲು ಮರಿ ಸಾಕುವ ಮಾತು ಆಗಲಿ. ಯಾವ ಮರಿ ತಟ್ಟೆ ಸದ್ದಿಗೆ ಕಿವಿ ನಿಮಿರಿಸುತ್ತದೆ, ಯಾವುದು ಹೊಸಬರು ಬಂದರೆ ಮೂಲೆ ಸೇರುತ್ತದೆ, ಯಾವುದಕ್ಕೆ ಉಂಡ ಮೇಲೆ ಎಷ್ಟು ಹೊತ್ತಿಗೆ ನಿದ್ದೆ ಎಳೆಯುತ್ತದೆ, ಇಷ್ಟು ಗೊತ್ತಿರುವವರು ಹಳೇ ಫೋನಿನಲ್ಲೂ ಚೆನ್ನಾಗಿ ತೆಗೆಯುತ್ತಾರೆ. ಇದು ಗೊತ್ತಿಲ್ಲದೆ ದುಬಾರಿ ಕ್ಯಾಮೆರಾ ಹಿಡಿದು ಬಂದವರಿಗೆ ಸಿಗುವುದು ಯಾವುದೋ ಒಂದು ನಾಯಿಮರಿಯ ಚಿತ್ರ, ಅಷ್ಟೇ.

ನಮ್ಮ ಊರಲ್ಲಿ ಮರಿಗಳ ಕಾಲ ಅಂತ ಒಂದಿದೆ. ಮಳೆಗಾಲ ಮುಗಿಯುತ್ತಾ ಬಂದಾಗ ಬೀದಿ ನಾಯಿಗಳು ಕೂಡುತ್ತವೆ. ಗರ್ಭ ಸುಮಾರು 63 ದಿನ. ಹಾಗಾಗಿ ದೀಪಾವಳಿ ಆಚೀಚೆಯಿಂದ ಸಂಕ್ರಾಂತಿವರೆಗೆ ಎಲ್ಲಿ ನೋಡಿದರೂ ಮರಿ. ಎಂಸಿಸಿ ಬಿ ಬ್ಲಾಕ್‌ನಲ್ಲಿ ಕಟ್ಟುತ್ತಿರುವ ಮನೆಯ ಮರಳು ರಾಶಿ ಮೇಲೆ, ಎಪಿಎಂಸಿ ಗೋದಾಮುಗಳ ಹಿಂದೆ, ಮಂಡಕ್ಕಿ ಭಟ್ಟಿ ಕಡೆ ಬೆಚ್ಚಗಿರುವ ಗೋಡೆ ಪಕ್ಕ, ನಿಲ್ಲಿಸಿದ ಕಾರಿನ ಕೆಳಗೆ. ಮಾರ್ಚ್ ಹೊತ್ತಿಗೆ ಅವುಗಳಲ್ಲಿ ಎಷ್ಟು ಉಳಿದಿರುತ್ತವೆ ಅಂತ ಯಾರೂ ಎಣಿಸುವುದಿಲ್ಲ. ಕೋಲ್ಕತ್ತಾದ ಐಸರ್ ಅನ್ನುವ ವಿಜ್ಞಾನ ಸಂಸ್ಥೆಯ ಸಂಶೋಧಕರು ಪಶ್ಚಿಮ ಬಂಗಾಳದಲ್ಲಿ ಎಣಿಸಿದರು. 364 ಮರಿಗಳನ್ನು ಹಿಂಬಾಲಿಸಿ 2016ರಲ್ಲಿ ಲೆಕ್ಕ ಪ್ರಕಟಿಸಿದರು. ಏಳು ತಿಂಗಳು ತುಂಬುವವರೆಗೆ ಬದುಕಿದ್ದು ಶೇ 19 ಮಾತ್ರ. ಸತ್ತವುಗಳಲ್ಲಿ ಶೇ 63ರಷ್ಟರ ಸಾವಿಗೆ ಒಂದಲ್ಲ ಒಂದು ರೀತಿ ಮನುಷ್ಯರೇ ಕಾರಣ. ನನಗೆ ಈ ಎರಡನೇ ಅಂಕಿಯೇ ಜಾಸ್ತಿ ಕಾಡುತ್ತದೆ. ಮನುಷ್ಯರಿಂದ ಆಗುತ್ತಿರುವುದನ್ನು ಮನುಷ್ಯರೇ ಕಡಿಮೆ ಮಾಡಬಹುದು, ಅಲ್ವಾ?

ಹಾಗಂತ ಕಂಡ ಮರಿಯನ್ನೆಲ್ಲ ಎತ್ತಿಕೊಂಡು ಬರಬೇಡಿ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಮರಿಗಳು ಒಂದರ ಮೇಲೊಂದು ಮಲಗಿ ಸುಮ್ಮನಿದ್ದರೆ, ಹೊಟ್ಟೆ ದುಂಡಗಿದ್ದರೆ, ತಾಯಿ ಇದೆ ಅಂತ ಅರ್ಥ. ಊಟ ಹುಡುಕಿಕೊಂಡು ಹೋಗಿರುತ್ತದೆ. ದೂರ ನಿಂತು ಕೆಲವು ಗಂಟೆ ಕಾಯಿರಿ. ತಾಯಿ ಬಂದರೆ ಅದಕ್ಕೇ ಅನ್ನ, ಮೊಟ್ಟೆ, ನೀರು ಇಡಿ. ಮರಿಗಳಿರುವ ಜಾಗಕ್ಕೆ ಒಂದು ಗೋಣಿಚೀಲ ಹಾಕಿ, ಗಾಳಿ ಬರುವ ಕಡೆ ಒಂದು ತಗಡು ಅಡ್ಡ ಇಡಿ. ಮರಿ ಸಾಕಲು ತಾಯಿಗಿಂತ ಚೆನ್ನಾಗಿ ನಮಗ್ಯಾರಿಗೂ ಬರುವುದಿಲ್ಲ. ತಾಯಿ ಗಾಡಿಗೆ ಸಿಕ್ಕಿ ಸತ್ತಿದ್ದರೆ, ಯಾರೋ ರಟ್ಟಿನ ಡಬ್ಬಿಯಲ್ಲಿ ಹಾಕಿ ಬಿಟ್ಟು ಹೋಗಿದ್ದರೆ, ಮರಿಗೆ ಗಾಯವಾಗಿದ್ದರೆ, ಆಗ ಎತ್ತಿಕೊಳ್ಳಿ.

ಕಣ್ಣು ಬಿಡದ ಮರಿ ಅಂದರೆ ಹತ್ತು ಹದಿನಾಲ್ಕು ದಿನದೊಳಗಿನದು. ಅದಕ್ಕೆ ಮೊದಲು ಬೇಕಾಗಿರುವುದು ಹಾಲಲ್ಲ, ಬಿಸಿ. ತನ್ನ ಮೈ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ, ಮೈ ತಣ್ಣಗಿದ್ದಾಗ ಹಾಲು ಕುಡಿಸಿದರೆ ಜೀರ್ಣವೂ ಆಗುವುದಿಲ್ಲ. ಬಿಸಿನೀರಿನ ಬಾಟಲಿಯನ್ನು ಹಳೇ ಸೀರೆಯಲ್ಲಿ ಸುತ್ತಿ ಪಕ್ಕದಲ್ಲಿಡಿ, ಮೈ ಬೆಚ್ಚಗಾದ ಮೇಲೆ ಕುಡಿಸಿ. ಹಸುವಿನ ಹಾಲು ಬೇಡ, ಭೇದಿ ಆಗುತ್ತದೆ. ಮರಿಗಳಿಗೆಂದೇ ಹಾಲಿನ ಪುಡಿ ಸಿಗುತ್ತದೆ, ಡಾಕ್ಟರನ್ನು ಕೇಳಿ ತನ್ನಿ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಕೂಸಿನ ಹಾಗೆ ಅಂಗಾತ ಮಲಗಿಸಿ ಕುಡಿಸಬಾರದು, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗೆ ಮಾಡಿ, ತಾಯಿ ಹತ್ತಿರ ಹೇಗೆ ಕುಡಿಯುತ್ತದೋ ಹಾಗೆ ಕುಡಿಸಬೇಕು. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಕೆಳಗೆ ಮೆಲ್ಲಗೆ ಒರೆಸಬೇಕು, ಇಲ್ಲದಿದ್ದರೆ ಉಚ್ಚೆಯೂ ಮಾಡುವುದಿಲ್ಲ. ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು. ನೌಕರಿಗೆ ಹೋಗುವವರು ಇಂಥ ಎಳೆ ಮರಿ ಒಪ್ಪಿಕೊಳ್ಳಬೇಡಿ. ನಾಲ್ಕು ವಾರ ದಾಟಿದವು ನಿಮಗೆ ಸರಿ. ಮೆತ್ತಗೆ ಬೆಂದ ಅನ್ನ, ಮೊಟ್ಟೆ, ಬೇಯಿಸಿದ ಕೋಳಿ ಮಾಂಸ, ದಿನಕ್ಕೆ ನಾಲ್ಕು ಸಲ. ಮೂಳೆ ಬೇಡ. ಮಂಡಕ್ಕಿ ಒಗ್ಗರಣೆ ಎಷ್ಟೇ ಆಸೆಯಿಂದ ನೋಡಿದರೂ ಹಾಕಬೇಡಿ. ಅದರಲ್ಲಿ ಈರುಳ್ಳಿ ಇರುತ್ತದೆ, ಈರುಳ್ಳಿ ನಾಯಿಗೆ ವಿಷ.

ಈಗ ಪಾರ್ವೊ. ಮರಿ ಸಾಕುವವರು ರಾತ್ರಿ ಹೆದರುವ ಹೆಸರು ಇದು. 1978ರ ಸುಮಾರಿಗೆ ಜಗತ್ತಿಗೆ ಪರಿಚಯವಾದ ವೈರಸ್. ಇವತ್ತು ಆಡಿಕೊಂಡಿದ್ದ ಮರಿ ನಾಳೆ ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಆಮೇಲೆ ರಕ್ತ ಭೇದಿ. ಕಾಯುತ್ತಾ ಕೂತರೆ ಮರಿ ಉಳಿಯುವುದಿಲ್ಲ, ಅದೇ ದಿನ ಡ್ರಿಪ್ ಹಾಕಿಸಬೇಕು. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಕೆಲವು ದಿನ ಬೇಕು, ಒಮ್ಮೊಮ್ಮೆ ಎರಡು ವಾರ. ಆದ್ದರಿಂದ ಹೊಸ ಮರಿ ಮನೆಗೆ ಬಂದರೆ ಎರಡು ವಾರ ಬೇರೆ ಇಡಿ. ಬೇರೆ ತಟ್ಟೆ, ಬೇರೆ ಬಟ್ಟೆ. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ನಮ್ಮ ಚಪ್ಪಲಿಗೆ ಅಂಟಿ ಮನೆಗೆ ಬರುತ್ತದೆ. ಮಾಮೂಲಿ ಫಿನಾಯಿಲ್ ನಂಬಬೇಡಿ. ಬ್ಲೀಚ್ ಬೇಕು. ಮೊದಲು ಗಲೀಜು ತೆಗೆದು ತೊಳೆದು, ಆಮೇಲೆ ಬ್ಲೀಚ್ ನೀರು ಹಾಕಿ ಹತ್ತು ನಿಮಿಷ ಬಿಡಿ.

ಲಸಿಕೆ ಆರರಿಂದ ಎಂಟು ವಾರದೊಳಗೆ ಶುರು. ಆಮೇಲೆ ಮೂರು ನಾಲ್ಕು ವಾರಕ್ಕೊಂದು, ಹದಿನಾರು ವಾರ ತುಂಬುವವರೆಗೆ. ಜಂತುಹುಳು ಔಷಧಿ ಅದಕ್ಕೂ ಮೊದಲೇ, ಎರಡನೇ ವಾರದಿಂದಲೇ, ಯಾಕೆಂದರೆ ಮರಿ ತಾಯಿ ಹೊಟ್ಟೆಯಲ್ಲಿದ್ದಾಗಲೇ ಅದಕ್ಕೆ ಹುಳು ಬಂದಿರುತ್ತದೆ. ಮೈ ಸಣಕಲು, ಹೊಟ್ಟೆ ಮಾತ್ರ ಉಬ್ಬಿದ ಮರಿ ಕಂಡರೆ ಚೆನ್ನಾಗಿ ತಿಂದಿದೆ ಅಂದುಕೊಳ್ಳಬೇಡಿ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಮರಿ ಆಟಕ್ಕೇ ಕಚ್ಚಿದರೂ, ಹಲ್ಲು ತಾಗಿ ಗೀರಿದರೂ, ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತಗೊಳ್ಳಿ. ‘ಸಣ್ಣ ಮರಿ ಬಿಡ್ರಿ’ ಅನ್ನುವವರ ಮಾತು ಕೇಳಬೇಡಿ. ಚಿಗಟೇರಿ ಜಿಲ್ಲಾಸ್ಪತ್ರೆ ಎಲ್ಲರಿಗೂ ಗೊತ್ತಿರುವ ಜಾಗ. ಪದೇ ಪದೇ ಮರಿ ಸಾಕುವವರು ಮುಂಚಿತವಾಗಿಯೇ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು.

ಇಷ್ಟು ಹೇಳಿದ್ದಕ್ಕೂ ಫೋಟೊಗೂ ನೇರ ಸಂಬಂಧವಿದೆ. ‘ಗಾಜಿನ ಮನೆ ಮುಂದೆ ಚೆನ್ನಾಗಿ ಬರುತ್ತೆ, ಕುಂದವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ಬೆಳಕು ಸೂಪರ್ ಇರುತ್ತೆ, ಅಲ್ಲಿಗೆ ತರ್ತೀರಾ’ ಅಂತ ಹುಡುಗರು ಪ್ರೀತಿಯಿಂದಲೇ ಕೇಳುತ್ತಾರೆ. ಬೆಳಕು ನಿಜವಾಗಲೂ ಚೆನ್ನಾಗಿರುತ್ತದೆ. ಆದರೆ ಲಸಿಕೆ ಮುಗಿಯದ ಮರಿಯನ್ನು ಊರ ನಾಯಿಗಳೆಲ್ಲ ಓಡಾಡುವ ನೆಲಕ್ಕೆ ಇಳಿಸುವುದು ಬೇಡ. ಒಂದು ಫೋಟೊಗೋಸ್ಕರ ಪಾರ್ವೊ ತಂದುಕೊಳ್ಳುವ ಕೆಲಸ ಅದು. ನಿಮ್ಮ ಮನೆ ತಾರಸಿ ಸಾಕು. ಬೇರೆ ನಾಯಿ ಬಾರದ ಜಾಗ, ಬಿಸಿಲು ಏರುವ ಮುಂಚೆ ಮೆತ್ತನೆ ಬೆಳಕು, ಗೋಡೆಗೊಂದು ಬಣ್ಣ. ಏಪ್ರಿಲ್ ಬಂದರೆ ಎಂಟು ಗಂಟೆಯೊಳಗೆ ಮುಗಿಸಿ. ಆಮೇಲೆ ನಮ್ಮೂರ ಸಿಮೆಂಟ್ ನೆಲ ಅಂಗಾಲು ಸುಡುತ್ತದೆ.

ಅಮೆರಿಕದಲ್ಲಿ 2015ರಲ್ಲಿ ಬಂದ ಒಂದು ಅಧ್ಯಯನ ಇದೆ. ದತ್ತು ಜಾಲತಾಣದಲ್ಲಿದ್ದ ನಾಯಿಗಳ ಫೋಟೊ ನೋಡಿ, ಯಾವುದಕ್ಕೆ ಬೇಗ ಮನೆ ಸಿಕ್ಕಿತು ಅಂತ ಹೋಲಿಸಿದರು. ಹೊರಗಿನ ಬೆಳಕಿನಲ್ಲಿ ತೆಗೆದದ್ದು, ನಾಯಿ ನೇರ ನಮ್ಮ ಕಣ್ಣು ನೋಡುವುದು, ನಿಂತಿರುವುದು, ಚಿತ್ರದಲ್ಲಿ ಸಾಕಷ್ಟು ದೊಡ್ಡದಾಗಿ ಕಾಣುವುದು, ಇವು ಅನುಕೂಲವಾಗಿದ್ದವು. 2013ರಲ್ಲಿ ಬ್ರಿಟನ್ನಿನಲ್ಲಿ ಇನ್ನೊಂದು ತಂಡ ಗಮನಿಸಿದ್ದು ಇನ್ನೂ ಸೂಕ್ಷ್ಮ. ಹುಬ್ಬಿನ ಒಳತುದಿ ಮೇಲೆತ್ತಿ ನೋಡುವ ಅಭ್ಯಾಸ ಜಾಸ್ತಿ ಇದ್ದ ನಾಯಿಗಳನ್ನು ಜನ ಬೇಗ ಕರೆದುಕೊಂಡು ಹೋದರು. ಆ ನೋಟ ನೀವೆಲ್ಲ ನೋಡಿರುತ್ತೀರಿ. ಪೂರ್ತಿ ಅಪರಿಚಿತರ ಮುಂದೆ ಮರಿ ಹಾಗೆ ನೋಡುವುದು ಅಪರೂಪ. ದಿನಾ ಅನ್ನ ಹಾಕಿದವರು ಕೆಳಗೆ ಕೂತು ಹೆಸರು ಹಿಡಿದು ಕರೆದರೆ ನೋಡುತ್ತದೆ. ಅದಕ್ಕೇ ನಾನು ಮೊದಲು ಪರಿಚಯ ಆಗಲಿ ಅಂದಿದ್ದು.

ನಾನು ಮಾಡುವ ರೀತಿ ಹೇಳುತ್ತೇನೆ. ಮರಿ ಉಂಡು, ಒಂದಿಷ್ಟು ಓಡಾಡಿ, ಇನ್ನೂ ನಿದ್ದೆಗೆ ಜಾರದ ಆ ಸಣ್ಣ ಹೊತ್ತು ಇದೆಯಲ್ಲ, ಆಗ ಶುರು. ಹಸಿದಾಗ ಕೈ ನೆಕ್ಕುತ್ತಾ ಮೇಲೆ ಬೀಳುತ್ತದೆ, ಆಟದ ಉತ್ಸಾಹದಲ್ಲಿ ಚಿತ್ರವೆಲ್ಲ ಅಲುಗುತ್ತದೆ. ಕಣ್ಣಿನ ಪಿಸುರು ಒರೆಸಿ. ಫೋನಿನ ಲೆನ್ಸನ್ನೂ ಒರೆಸಿ, ಅರ್ಧ ಮಬ್ಬು ಅಲ್ಲೇ ಹೋಗುತ್ತದೆ. ಆಮೇಲೆ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ. ನಿಂತು ಮೇಲಿನಿಂದ ತೆಗೆದರೆ ದೊಡ್ಡ ತಲೆ, ಪುಟ್ಟ ಕಾಲು, ಎಲ್ಲ ಮರಿಯೂ ಒಂದೇ. ಅದರ ಕಣ್ಣಿನ ಮಟ್ಟಕ್ಕೆ ಇಳಿದಾಗ ಮುಖ ಬೇರೆ ಬೇರೆ ಕಾಣಲು ಶುರುವಾಗುತ್ತದೆ. ಪರದೆಯ ಮೇಲೆ ಅದರ ಕಣ್ಣಿನ ಜಾಗ ಒತ್ತಿ ಫೋಕಸ್ ಮಾಡಿ, ಒಂದೇ ಸಮ ಹತ್ತಿಪ್ಪತ್ತು ತೆಗೆಯಿರಿ, ಒಂದು ಉಳಿಯುತ್ತದೆ. ಫ್ಲ್ಯಾಶ್ ಬೇಡ, ಮರಿ ಬೆಚ್ಚುತ್ತದೆ. ಹಿಂದುಗಡೆ ಬಕೆಟ್ಟು, ಪೊರಕೆ, ಬೈಕಿನ ಚಕ್ರ ಕಾಣದ ಹಾಗೆ ಒಂದು ಹಳೇ ಕಾಟನ್ ಸೀರೆ ಕಟ್ಟಿ, ದೊಡ್ಡ ಹೂವಿನ ಡಿಸೈನ್ ಇಲ್ಲದ್ದು.

ಕರಿ ಮರಿಗಳ ಬಗ್ಗೆ ಪ್ರತ್ಯೇಕ ಹೇಳಬೇಕು. ಅವು ಉಳಿದುಬಿಡುತ್ತವೆ ಅಂತ ಸಾಕುವವರು ಬೇಸರ ಮಾಡಿಕೊಳ್ಳುವುದನ್ನು ಕೇಳಿದ್ದೇನೆ. ಬಣ್ಣದ ಬಗ್ಗೆ ಜನರ ಮನಸ್ಸು ಒಂದು ಕಡೆ ಇರಲಿ, ಫೋಟೊದಲ್ಲಿ ಕರಿ ಮರಿಗೆ ಮುಖವೇ ಇರುವುದಿಲ್ಲ, ಎರಡು ಚುಕ್ಕಿ ಕಣ್ಣು ಬಿಟ್ಟರೆ ಬರೀ ಕಪ್ಪು. ಬಿಳಿ ಗೋಡೆ ಮುಂದೆ ಕೂರಿಸಿದರೆ ಇನ್ನೂ ಕಪ್ಪಾಗುತ್ತದೆ, ಫೋನು ಬಿಳಿಯನ್ನು ನೋಡಿ ಬೆಳಕು ಕಡಿಮೆ ಮಾಡಿಕೊಳ್ಳುತ್ತದೆ. ಮಾಸಲು ಹಸಿರು, ಮಣ್ಣಿನ ಬಣ್ಣ, ಬೂದು, ಇಂಥ ಹಿನ್ನೆಲೆ ಇಡಿ. ನೆರಳಿನಲ್ಲಿ ಕೂರಿಸಿ, ಮುಖ ಆಕಾಶದ ಬೆಳಕಿನ ಕಡೆ ತಿರುಗಲಿ. ಮುಖ ಒತ್ತಿ ಬೆಳಕು ಸ್ವಲ್ಪ ಏರಿಸಿ. ಆಗ ಕಾಣುತ್ತದೆ, ಕಪ್ಪು ಅಂದುಕೊಂಡಿದ್ದರಲ್ಲಿ ಕಂದು ಎಳೆ, ಎದೆ ಮೇಲಿನ ಬಿಳಿ ಮಚ್ಚೆ, ಹುಬ್ಬು ಎಲ್ಲಾ.

ಚೆಂದದ ಫೋಟೊ ಜೊತೆ ನಿಜದ ಫೋಟೊಗಳೂ ಬೇಕು. ಪಕ್ಕದಿಂದ ನಿಂತಿದ್ದು ಒಂದು, ಕಾಲು ಎಷ್ಟು ಉದ್ದ ಅಂತ ಗೊತ್ತಾಗಲಿ. ಯಾರದಾದರೂ ಕೈ ಪಕ್ಕ ಒಂದು, ಗಾತ್ರ ತಿಳಿಯಲಿ. ನಡೆಯುವ ಸಣ್ಣ ವಿಡಿಯೊ, ಕುಂಟಿದರೆ ಕುಂಟುವುದೂ ಕಾಣಲಿ. ಕಿವಿ ತುದಿ ಹರಿದಿದ್ದರೆ, ಗಾಯದ ಕಲೆ ಇದ್ದರೆ ಅದನ್ನು ಬೇರೆ ಕಡೆಯಿಂದ ತೆಗೆದು ಮುಚ್ಚಬೇಡಿ. ಮನೆಗೆ ಬಂದ ಮೇಲೆ ನೋಡಿ ‘ಇದೇನ್ರಿ ಹಿಂಗೈತಿ’ ಅಂದವರು ಮರಿಯನ್ನು ವಾಪಸ್ ತರುತ್ತಾರೆ, ಆಗ ಆ ಮರಿ ಎರಡನೇ ಸಲ ಮನೆ ಕಳೆದುಕೊಳ್ಳುತ್ತದೆ. ತಾಯಿ ನಾಯಿ ಸಿಗುವ ಹಾಗಿದ್ದರೆ ಅದರದೂ ಒಂದು ಫೋಟೊ. ದೊಡ್ಡದಾದರೆ ಎಷ್ಟಾಗುತ್ತೆ ಅನ್ನುವ ಪ್ರಶ್ನೆಗೆ ಅದಕ್ಕಿಂತ ಒಳ್ಳೆ ಉತ್ತರ ಇಲ್ಲ. ‘ಇದು ಮುಧೋಳ ಮಿಕ್ಸಾ?’ ಅಂತ ತುಂಬ ಜನ ಕೇಳುತ್ತಾರೆ. ಗೊತ್ತಿಲ್ಲದಿದ್ದರೆ ಹೌದು ಅನ್ನಬೇಡಿ. ನಾಟಿ ನಾಯಿ ಅಂತಲೇ ಹೇಳಿ, ಹೆಮ್ಮೆಯಿಂದ ಹೇಳಿ. ಮೈಲಾರಲಿಂಗನ ಭಕ್ತರಾದ ಗೊರವಯ್ಯರು ನಾಯಿಯ ಹಾಗೆ ಬೊಗಳಿ, ದೋಣಿ ಅನ್ನುವ ಬಟ್ಟಲಿಗೆ ಬಾಯಿ ಹಾಕಿ ತಿನ್ನುವುದನ್ನು ನೋಡಿ ಕೈ ಮುಗಿದ ಸೀಮೆಯವರು ನಾವು. ಆ ನಾಯಿ ಯಾವ ತಳಿ ಅಂತ ಯಾರೂ ಕೇಳಲಿಲ್ಲ.

ರಕ್ತ, ಹುಳ ಬಿದ್ದ ಗಾಯ, ಚರಂಡಿಯಿಂದ ತೆಗೆದ ಕ್ಷಣದ ಫೋಟೊ, ಇವನ್ನು ಚಿಕಿತ್ಸೆಗೆ ಹಣ ಕೇಳುವಾಗ ಬಳಸಿ, ದತ್ತು ಕೇಳುವಾಗ ಬೇಡ. ಅಯ್ಯೋ ಅನ್ನಿಸಿದ ತಕ್ಷಣ ಫೋನ್ ಮಾಡುವವರ ಮರುಕ ಕೆಲವು ದಿನ ಇರುತ್ತದೆ. ನಾಯಿ ಹತ್ತು ಹನ್ನೆರಡು ವರ್ಷ ಇರುತ್ತದೆ. ಕೂಲಿಂಗ್ ಗ್ಲಾಸ್ ಹಾಕಿಸುವುದು, ಮುಂಗಾಲು ಹಿಡಿದು ಎತ್ತಿ ನಿಲ್ಲಿಸುವುದೂ ಬೇಡ. ವಾರಕ್ಕೊಮ್ಮೆ ಹೊಸ ಫೋಟೊ ಹಾಕಿ, ಐದನೇ ವಾರದ ಮುಖಕ್ಕೂ ಎಂಟನೇ ವಾರದ ಮುಖಕ್ಕೂ ಸಂಬಂಧವೇ ಇರುವುದಿಲ್ಲ. ಹಾಗೇ ನಿಮ್ಮ ಮನೆ ಗೇಟು, ರಸ್ತೆ ಬೋರ್ಡು ಫೋಟೊದಲ್ಲಿ ಕಾಣದಿರಲಿ. ‘ಇಲ್ಲಿ ಮರಿ ಸಾಕುತ್ತಾರೆ’ ಅಂತ ಗೊತ್ತಾದರೆ ರಾತ್ರಿ ಬಾಗಿಲಿಗೆ ಮರಿಗಳ ಡಬ್ಬಿ ಇಟ್ಟು ಹೋಗುವವರಿದ್ದಾರೆ.

ಎಂಟು ವಾರಕ್ಕಿಂತ ಮುಂಚೆ ಮರಿ ಕೊಡಬೇಡಿ. ಎಷ್ಟು ಜೋರಾಗಿ ಕಚ್ಚಬಾರದು ಅನ್ನುವುದನ್ನು ಮರಿ ಕಲಿಯುವುದೇ ಒಡಹುಟ್ಟಿದವುಗಳ ಜೊತೆ ಆಡುವಾಗ. ಮೂರನೇ ವಾರದಿಂದ ಮೂರು ತಿಂಗಳು ತುಂಬುವವರೆಗಿನ ಕಾಲ ಅದರ ಸ್ವಭಾವ ರೂಪಿಸುವ ಕಾಲ. ಕುಕ್ಕರ್ ಸೀಟಿ, ಮಿಕ್ಸಿ, ಆಟೊ ಹಾರ್ನ್, ಮಕ್ಕಳ ಗಲಾಟೆ, ಲುಂಗಿ ಉಟ್ಟವರು, ಹೆಲ್ಮೆಟ್ ಹಾಕಿದವರು, ಎಲ್ಲವನ್ನೂ ಹೆದರಿಕೆಯಾಗದಷ್ಟು ದೂರದಿಂದ ತೋರಿಸಿ. ಲಸಿಕೆ ಮುಗಿಯುವವರೆಗೆ ನೆಲಕ್ಕೆ ಬಿಡದೆ ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತರೂ ಸಾಕು. ನೀವು ಆ ವಾರಗಳಲ್ಲಿ ಮಾಡಿದ್ದನ್ನು ಮುಂದಿನ ಮನೆಯವರು ಜೀವಮಾನವಿಡೀ ಅನುಭವಿಸುತ್ತಾರೆ.

ಫೋನ್ ಬಂದಾಗ ಮೊದಲ ಪ್ರಶ್ನೆ ಬಹಳ ಸಲ ಒಂದೇ. ‘ಅಕ್ಕಾರೆ, ಗಂಡು ಮರಿ ಐತೇನ್ರಿ?’ ಹೆಣ್ಣು ಮರಿಗಳು ಕೊನೆಗೆ ಉಳಿಯುತ್ತವೆ. ಇದು ನನಗೆ ಪ್ರತಿ ಸಲವೂ ನೋವು ಕೊಡುತ್ತದೆ, ನಾನು ವಾದ ಮಾಡುವುದೂ ಇಲ್ಲಿಯೇ. ಮರಿ ಹಾಕುತ್ತೆ ಅನ್ನುವುದು ಅವರ ಚಿಂತೆ ತಾನೆ? ಸುಮಾರು ಆರು ತಿಂಗಳಿಗೆ ಆಪರೇಷನ್ ಮಾಡಿಸಿದರೆ ಆ ಚಿಂತೆ ಮುಗಿಯಿತು. ಬೀದಿ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ, ರೇಬಿಸ್ ಲಸಿಕೆ ಮಾಡಿಸುವುದು 2023ರ ಎಬಿಸಿ, ಅಂದರೆ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಪಾಲಿಕೆ, ಪಂಚಾಯಿತಿಗಳ ಹೊಣೆ. ಸಾಕಿದ ನಾಯಿಗೆ ಮಾಡಿಸಬೇಕಾದವರು ಮನೆಯವರು. ಹೆಣ್ಣು ಮರಿಯ ಫೋಟೊವನ್ನು ನಾನು ಯಾವತ್ತೂ ಮೊದಲು ಹಾಕುತ್ತೇನೆ, ಹೆಸರು ಮತ್ತು ಸ್ವಭಾವ ಬರೆಯುತ್ತೇನೆ, ಗಂಡೋ ಹೆಣ್ಣೋ ಅನ್ನುವುದನ್ನು ಆಮೇಲಿನ ಸಾಲಿನಲ್ಲಿ. ಮುಚ್ಚಿಡುವುದಿಲ್ಲ. ಮೊದಲು ಮರಿ ಇಷ್ಟವಾಗಲಿ ಅಂತ ಅಷ್ಟೇ.

ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರಾ, ಬಾಡಿಗೆ ಮನೆಯಾದರೆ ಓನರ್ ಏನಂತಾರೆ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಕಟ್ಟಿ ಹಾಕುತ್ತಾರಾ, ಇಷ್ಟನ್ನು ಕೇಳಲೇಬೇಕು. ಸಣ್ಣ ಚೈನಿನಲ್ಲಿ ಹೊತ್ತುಗಟ್ಟಲೆ ಕಟ್ಟಿ ಹಾಕುವುದು, ಸಾಕಿದ್ದನ್ನು ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಇದನ್ನು ಹೆದರಿಸಲು ಹೇಳಬೇಡಿ, ತಿಳಿಸಲು ಹೇಳಿ. ಆಮೇಲೆ ಒಂದು ಸಲ ಅವರ ಮನೆ ನೋಡಿ ಬನ್ನಿ.

ಇನ್ನು ಪ್ರಶ್ನೆಗಳು.

ಒಬ್ಬ ಅಮ್ಮ ಕೇಳಿದರು, ‘ಇಷ್ಟು ದಿನ ಸಾಕಿ ಕೊಟ್ಟು ಕಳಿಸೋವಾಗ ಕರುಳು ಕಿತ್ತು ಬರಲ್ವೇನ್ರಿ?’ ಬರುತ್ತದೆ ಅಮ್ಮ. ಕೊಟ್ಟ ದಿನ ರಾತ್ರಿ ಮನೆ ಖಾಲಿ ಅನ್ನಿಸುತ್ತದೆ. ಆದರೆ ಇಟ್ಟುಕೊಂಡುಬಿಟ್ಟರೆ ಮುಂದಿನ ಮರಿಗೆ ಜಾಗ ಇರುವುದಿಲ್ಲ. ಮರಿ ಮಲಗುತ್ತಿದ್ದ ಬಟ್ಟೆಯನ್ನು ತೊಳೆಯದೆ ಜೊತೆಗೇ ಕಳಿಸಿ, ಹಳೇ ವಾಸನೆ ಇದ್ದರೆ ಮೊದಲ ರಾತ್ರಿ ಅಳು ಕಡಿಮೆ. ಹೊಸ ಮನೆಯವರು ಫೋಟೊ ಕಳಿಸುತ್ತಾರೆ. ಕಳಿಸಿ ಅಂತ ಮೊದಲೇ ಮಾತು ತಗೊಳ್ಳಿ.

ದೀಪಾವಳಿ ಹೊತ್ತಿಗೆ ಯಾರಾದರೂ ಮರಿ ಕೇಳಿದರೆ ಕೊಡಬಹುದಾ ಅಂತ ಇನ್ನೊಬ್ಬರು ಕೇಳಿದರು. ಹಬ್ಬ ಮುಗಿಸಿ ಕೊಡಿ. ಪಟಾಕಿ ಸದ್ದಿಗೆ ಬೆದರಿ ಗೇಟು ನುಗ್ಗಿ ಓಡಿದ ಮರಿಗೆ ಹೊಸ ಬೀದಿಯ ದಾರಿ ಗೊತ್ತಿರುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, ‘ನಾನು ಪಿಜಿಯಲ್ಲಿರೋದು, ಮರಿ ಇಟ್ಟುಕೊಳ್ಳೋಕೆ ಆಗಲ್ಲ, ಫೋಟೊ ಮಾತ್ರ ತೆಗೆದುಕೊಡಬಹುದಾ?’ ಅಂದಳು. ಖಂಡಿತ ಬಾಮ್ಮ. ಸಾಕುವವರಿಗೆ ಮರಿ ಉಚ್ಚೆ ಒರೆಸುವುದರಲ್ಲೇ ದಿನ ಹೋಗಿರುತ್ತದೆ, ಫೋಟೊಗೆ ಪುರಸೊತ್ತಿರುವುದಿಲ್ಲ. ಬರುವಾಗ ಒಗೆದ ಬಟ್ಟೆ ಹಾಕಿಕೊಂಡು ಬಾ, ಚಪ್ಪಲಿ ಗೇಟಿನ ಹೊರಗೆ ಬಿಡು, ಕೈ ತೊಳೆದುಕೋ. ಒಂದೇ ದಿನ ಎರಡು ಮನೆಯ ಮರಿಗಳನ್ನು ಮುಟ್ಟಬೇಡ. ಬಂದ ತಕ್ಷಣ ಫೋನ್ ತೆಗೆಯಬೇಡ, ಅರ್ಧ ಗಂಟೆ ನೆಲದ ಮೇಲೆ ಸುಮ್ನೆ ಕೂತಿರು, ಅವೇ ಬಂದು ನಿನ್ನ ದುಪಟ್ಟಾ ಎಳೆಯಲಿ. ಮನೆಯವರನ್ನು ಒಂದೊಂದು ಮರಿಯ ಬಗ್ಗೆ ಕೇಳಿ ಬರೆದುಕೋ, ಫೋಟೊ ಕೆಳಗೆ ಹಾಕಲು ಬೇಕಾಗುತ್ತದೆ. ಮುಂದಿನ ಭಾನುವಾರ ನಿಟ್ಟುವಳ್ಳಿಯ ಒಂದು ಮನೆಯಲ್ಲಿ ಐದು ಮರಿಗಳಿಗೆ ಏಳು ವಾರ ತುಂಬುತ್ತದೆ, ಬೆಳಿಗ್ಗೆ ಏಳಕ್ಕೆ ಅಲ್ಲಿಗೆ ಬಂದರೆ ಒಟ್ಟಿಗೆ ತೆಗೆಯೋಣ.